ಬಂದವರು ಯಾಕೆ ಉಳಿಯುವುದಿಲ್ಲ?

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೂ ಅದರಲ್ಲಿರುವ ಲೇಖನಗಳು ಮೂವತ್ತು ಸಾವಿರದ ಮೇಲೆ ಚಿಲ್ಲರೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಮಲಯಾಳಂ ಎಂದು ಬರೆಸಿದವರು ಅದಕ್ಕಿಂತ ಸುಮಾರು 90 ಲಕ್ಷ ಕಡಿಮೆ. ಆದರೂ ಮಲಯಾಳಂ ವಿಕಿಪೀಡಿಯದ ಲೇಖನಗಳು ಎಂಬತ್ತು ಸಾವಿರ ದಾಟಿವೆ. ಲೇಖನಗಳ ಎಣಿಕೆ ಗುಣಕ್ಕೆ ಅಳತೆಗೋಲಲ್ಲ, ನಿಜ. ಆದರೆ ಎಷ್ಟು ಕೈಗಳು ಕೆಲಸ ಮಾಡುತ್ತಿವೆ ಎಂಬುದನ್ನಂತೂ ಅದು ಹೇಳುತ್ತದೆ. ಈ ಅಂತರಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಕನ್ನಡಿಗರಿಗೆ ಭಾಷಾಭಿಮಾನ ಸಾಲದು. ಈ ಉತ್ತರ ಬಲು ಅನುಕೂಲದ್ದು, ಏಕೆಂದರೆ ತಪ್ಪೆಲ್ಲ ಬಾರದವರ ಮೇಲೆ ಬೀಳುತ್ತದೆ, ಇರುವವರು ಏನನ್ನೂ ಬದಲಿಸಬೇಕಾಗಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಅಲ್ಲಿ ಖಾತೆ ತೆರೆದವರ ಸಂಖ್ಯೆಗೂ ಇವತ್ತು ಬರೆಯುತ್ತಿರುವವರ ಸಂಖ್ಯೆಗೂ ತಾಳೆಯೇ ಇಲ್ಲ. ಜನ ಬಂದಿದ್ದಾರೆ, ಒಂದೆರಡು ಸಲ ಕೈಯಾಡಿಸಿದ್ದಾರೆ, ಎದ್ದು ಹೋಗಿದ್ದಾರೆ. ಹಾಗಾಗಿ ಕೇಳಬೇಕಾದದ್ದು ಕನ್ನಡಿಗರು ಯಾಕೆ ಬರುವುದಿಲ್ಲ ಎಂದಲ್ಲ, ಬಂದವರು ಯಾಕೆ ಉಳಿಯುವುದಿಲ್ಲ ಎಂದು.

ನಾಗಮಂಗಲದ ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯ ಬಗ್ಗೆ ನಾಲ್ಕು ಮಾತು ಸೇರಿಸಲು ಕೂತಳು ಎಂದಿಟ್ಟುಕೊಳ್ಳೋಣ. ಗಂಗರ ಕಾಲದ ಆ ಬಸದಿಯನ್ನೂ, ಊರಿಗೆ ಹೆಸರು ತಂದ ಎತ್ತರದ ಕಂಬವನ್ನೂ ಅವಳು ಚಿಕ್ಕಂದಿನಿಂದ ಬಲ್ಲಳು. ಮೊದಲ ತೊಡಕು ಅಕ್ಷರದ್ದು. ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿಕೊಂಡು ಬಂದರೆ, ಪುಟಕ್ಕೆ ಅಂಟಿಸಿದ ಕೂಡಲೇ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಬೇಕು ಎಂದು ಅವಳಿಗೆ ಹೇಳುವವರಿಲ್ಲ. ಫೋನಿನಲ್ಲಿ ಕುಟ್ಟಿದರೆ ಈ ತೊಂದರೆ ಇಲ್ಲ, ಆದರೆ ಉಲ್ಲೇಖ ಸೇರಿಸುವುದು ಹೇಗೆಂದು ಆ ಪುಟ್ಟ ಪರದೆಯಲ್ಲಿ ಕಾಣುವುದಿಲ್ಲ. ಹೇಗೋ ಮೂರು ಪ್ಯಾರಾ ಬರೆದು ಉಳಿಸುತ್ತಾಳೆ. ಮಾರನೆಯ ದಿನ ನೋಡಿದರೆ ಬರೆದದ್ದು ಇಲ್ಲ. ಅಥವಾ ಪುಟದ ನೆತ್ತಿಯ ಮೇಲೆ ಒಂದು ಪಟ್ಟಿ: ಉಲ್ಲೇಖಗಳಿಲ್ಲ, ವಿಶ್ವಕೋಶಕ್ಕೆ ತಕ್ಕ ಶೈಲಿಯಿಲ್ಲ, ಅಳಿಸಬಹುದು. ಯಾರು ಹಾಕಿದರು, ಯಾರನ್ನು ಕೇಳಬೇಕು, ಏನು ಮಾಡಿದರೆ ಸರಿಹೋಗುತ್ತದೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಇದ್ದರೂ ಕೊಂಡಿಯ ಹಿಂದೆ ಕೊಂಡಿ ಒತ್ತುತ್ತ ಹೋದವರಿಗಷ್ಟೇ ಸಿಗುತ್ತದೆ. ಅವಳನ್ನು ಯಾರೂ ಬೈದಿಲ್ಲ. ಅಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಅವಳು ಮತ್ತೆ ಬರುವುದಿಲ್ಲ.

ಇದು ಊಹೆಯ ಕತೆ ಎನ್ನುವವರಿಗೆ ಇಂಗ್ಲಿಷ್ ವಿಕಿಪೀಡಿಯದ ಅನುಭವವೇ ಉತ್ತರ. 2001ರಲ್ಲಿ ಹುಟ್ಟಿದ ಅದರ ಬರಹಗಾರರ ಬಳಗ 2007ರ ತನಕ ಏರುತ್ತಲೇ ಹೋಯಿತು, ಅಲ್ಲಿಂದಾಚೆ ಇಳಿಯತೊಡಗಿತು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣವನ್ನು ಹುಡುಕಿತು. ಬರೆಯಬೇಕಾದ ವಿಷಯಗಳೆಲ್ಲ ಮುಗಿದುಹೋದವೇ? ಬರುವವರ ಗುಣಮಟ್ಟವೇ ಇಳಿಯಿತೇ? ಎರಡನೆಯ ಅನುಮಾನವನ್ನು ಅವರು ನೇರವಾಗಿಯೇ ಪರೀಕ್ಷಿಸಿದರು. ಬೇರೆ ಬೇರೆ ವರ್ಷಗಳ ಹೊಸಬರ ಮೊದಲ ಕೆಲಸಗಳನ್ನು ಓದಿ, ಅವು ಒಳ್ಳೆಯ ಮನಸ್ಸಿನಿಂದ ಮಾಡಿದವೋ ಕಿಡಿಗೇಡಿತನವೋ ಎಂದು ವಿಂಗಡಿಸಿದರು. ಒಳ್ಳೆಯ ಮನಸ್ಸಿನಿಂದ ಬರುವವರ ಪಾಲು ಹೇಳಿಕೊಳ್ಳುವಷ್ಟು ಕುಸಿದಿರಲಿಲ್ಲ. ಬದಲಾದದ್ದು ಅವರ ಕೆಲಸ ಏನಾಯಿತು ಎಂಬುದು. ಕಿಡಿಗೇಡಿಗಳನ್ನು ತಡೆಯಲೆಂದು ತಂದ ಅರೆಸ್ವಯಂಚಾಲಿತ ಸಾಧನಗಳು ಒಂದೇ ಗುಂಡಿಯಲ್ಲಿ ಸಂಪಾದನೆ ರದ್ದುಮಾಡಿ, ಸಿದ್ಧ ಎಚ್ಚರಿಕೆಯನ್ನೂ ಅಂಟಿಸಿಬಿಡುತ್ತಿದ್ದವು. ಅವುಗಳ ಜರಡಿಯಲ್ಲಿ ಅರಿಯದೆ ತಪ್ಪಿದವರೂ ಸಿಕ್ಕಿಕೊಂಡರು. ಮೊದಲ ಕೆಲಸ ಹೀಗೆ ತಿರಸ್ಕೃತವಾದವರು ಉಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದು ಅಂಕಿಗಳಲ್ಲಿ ಕಂಡಿತು. ಹೊಸಬರನ್ನು ಕಚ್ಚಬೇಡಿ ಎಂಬ ಸೂಚನೆಯೊಂದು ಅದೇ ವಿಕಿಪೀಡಿಯದಲ್ಲಿ ಮುಂಚಿನಿಂದಲೂ ಇದೆ. ಆ ಸೂಚನೆ ಪುಟದಲ್ಲಿ ಉಳಿಯಿತು, ಕೆಲಸದ ರೀತಿಯನ್ನು ಯಂತ್ರ ನಿರ್ಧರಿಸಿತು.

ಹಾಗಾದರೆ ಎಲ್ಲರಿಗೂ ಒಂದು ಸ್ವಾಗತದ ಮಾತು ಬರೆದರೆ ಸಾಕೇ? ಈ ಉಪಾಯ ಎಲ್ಲರಿಗೂ ಮೊದಲು ಹೊಳೆಯುವುದೂ ಹೌದು, ಅಗ್ಗದ್ದೂ ಹೌದು. ಖಾತೆ ತೆರೆದ ಕೂಡಲೇ ಸಿದ್ಧ ಒಕ್ಕಣೆಯ ಸ್ವಾಗತ ಬಂದು ಬೀಳುವ ಏರ್ಪಾಡು ಅನೇಕ ಭಾಷೆಗಳ ವಿಕಿಪೀಡಿಯಗಳಲ್ಲಿದೆ. ಅದನ್ನು ಓದಿದವರಿಗೆ ಅದರ ಹಿಂದೆ ಮನುಷ್ಯನಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ, ಮದುವೆ ಮಂಟಪದ ಬಾಗಿಲಲ್ಲಿ ನಿಲ್ಲಿಸಿದ ಕೈಮುಗಿಯುವ ಬೊಂಬೆಯನ್ನು ಯಾರೂ ಮಾತಾಡಿಸುವುದಿಲ್ಲ. ಇನ್ನೊಂದು ಪ್ರಯೋಗದ ಫಲ ಇದಕ್ಕಿಂತ ಪಾಠ ಕಲಿಸುವಂಥದ್ದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸಬರಿಗಾಗಿ ಆಟದ ರೂಪದ ತರಬೇತಿಯೊಂದನ್ನು ಕಟ್ಟಿದರು. ಹಂತ ಹಂತವಾಗಿ ಕಲಿಸುವುದು, ಬಿಲ್ಲೆ ಕೊಡುವುದು, ಶಹಬ್ಬಾಸ್ ಹೇಳುವುದು. ಆಡಿದವರು ತುಂಬ ಮೆಚ್ಚಿಕೊಂಡರು. ಆದರೆ ಸ್ನೇಹಾ ನಾರಾಯಣ್ ಮತ್ತು ಸಹಸಂಶೋಧಕರು ಅದನ್ನು ಅಳೆದು 2017ರಲ್ಲಿ ಹೇಳಿದ್ದು ಇಷ್ಟು: ಆಮೇಲೆ ಅವರು ಮಾಡಿದ ಕೆಲಸದಲ್ಲಿ ಯಾವ ಹೆಚ್ಚಳವೂ ಕಾಣಲಿಲ್ಲ. ಇದಕ್ಕೆ ಎದುರಾಗಿ, 2012ರಲ್ಲಿ ಶುರುವಾದ ಟೀಹೌಸ್ ಎಂಬ ಜಾಗದಲ್ಲಿ ಯಾವ ಪಾಠವೂ ಇರಲಿಲ್ಲ. ಹೊಸಬರು ಪ್ರಶ್ನೆ ಕೇಳುತ್ತಾರೆ, ಅನುಭವವಿರುವವರು ಬೇಗ, ಸರಳವಾಗಿ, ಹೆಸರು ಹಿಡಿದು ಉತ್ತರ ಕೊಡುತ್ತಾರೆ, ಅಷ್ಟೇ. ಅಲ್ಲಿಗೆ ಆಹ್ವಾನ ಪಡೆದವರು ಪಡೆಯದವರಿಗಿಂತ ಹೆಚ್ಚು ಪ್ರಮಾಣದಲ್ಲಿ ಉಳಿದರು. ಆ ಹೆಚ್ಚಳ ದೊಡ್ಡದೇನಲ್ಲ, ಆದರೆ ಖಚಿತವಾದದ್ದು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ಹೊಸಬರನ್ನು ಖುಷಿಪಡಿಸುವುದೂ ಉಳಿಸಿಕೊಳ್ಳುವುದೂ ಬೇರೆ ಬೇರೆ ಕೆಲಸ ಎಂಬುದು ಸ್ಪಷ್ಟ. ಅವರನ್ನು ನಿಲ್ಲಿಸುವುದು ತಮ್ಮ ಮೊದಲ ಕೆಲಸಕ್ಕೆ ಮನುಷ್ಯನೊಬ್ಬನಿಂದ ಸಿಕ್ಕ ಉತ್ತರ. ಆ ಉತ್ತರ ಇದು ಆಗದು ಎಂದಾದರೂ ಚಿಂತೆಯಿಲ್ಲ. ಯಾಕೆ ಆಗದು, ಹೇಗೆ ಮಾಡಿದರೆ ಆದೀತು ಎಂಬುದು ಜೊತೆಗಿದ್ದರೆ ಸರಿ.

ಕನ್ನಡ ವಿಕಿಪೀಡಿಯದ ಸಮುದಾಯ ತನ್ನ ಸಾಮಾನ್ಯ ಚರ್ಚೆಯ ಪುಟಕ್ಕೆ ಅರಳಿ ಕಟ್ಟೆ ಎಂದು ಹೆಸರಿಟ್ಟಿದೆ. ಕೆ.ಆರ್. ಪೇಟೆ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಪರಊರಿನವರು ನಿಜವಾದ ಕಟ್ಟೆಯ ಹತ್ತಿರ ಬಂದರೆ ಅಲ್ಲಿ ಕೂತ ಹಿರಿಯರು ನಿಯಮ ಓದಿ ಹೇಳುವುದಿಲ್ಲ. ಯಾವೂರಪ್ಪ, ಯಾರ ಮನೆಗೆ ಬಂದಿದ್ದು ಎಂದು ಕೇಳುತ್ತಾರೆ. ಆ ಒಂದು ವಿಚಾರಣೆಯಲ್ಲಿ ಆದರವೂ ಇದೆ, ತಪಾಸಣೆಯೂ ಇದೆ. ಬಂದವರು ಯಾರೆಂದು ತಿಳಿಯಿತು, ಹೋಗಬೇಕಾದ ಮನೆಯ ದಾರಿಯನ್ನೂ ತೋರಿಸಿದ ಹಾಗಾಯಿತು. ಕಾವಲು ಮತ್ತು ಸ್ವಾಗತ ಎರಡು ಬೇರೆ ಇಲಾಖೆಗಳು ಎಂದು ನಾವು ಅಂತರ್ಜಾಲದಲ್ಲಿ ಸುಮ್ಮನೆ ಅಂದುಕೊಂಡಿದ್ದೇವೆ.

ಕನ್ನಡದ ಅಂತರ್ಜಾಲಕ್ಕೇ ವಿಶೇಷವಾದ ಇನ್ನೊಂದು ಅಡ್ಡಿ ಇದೆ. ಇಂಗ್ಲಿಷಿನ ಅಧ್ಯಯನಗಳಲ್ಲಿ ಅದು ಸಿಗುವುದಿಲ್ಲ. ಮಂಡ್ಯ ಸೀಮೆಯ ಮಾತಿನಲ್ಲಿ ಹಕಾರ ಅಕಾರಗಳು ಜಾಗ ಬದಲಾಯಿಸುತ್ತವೆ, ಶಕಾರ ಸಕಾರವಾಗುತ್ತದೆ, ಮಹಾಪ್ರಾಣ ಬಹುಮಟ್ಟಿಗೆ ನಾಲಗೆಯ ಮೇಲೆ ನಿಲ್ಲುವುದೇ ಇಲ್ಲ. ಮಾತಿನಲ್ಲಿ ಇರುವುದು ಬರಹಕ್ಕೂ ಇಳಿಯುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಇಂಥ ಒಂದು ಕಾಗುಣಿತ ಕಂಡರೆ ಸಾಕು, ಹೇಳಿದ ವಿಷಯ ಪಕ್ಕಕ್ಕೆ ಸರಿದು ಅಕ್ಷರದ ಮೇಲೆ ನಗೆ ಶುರುವಾಗುತ್ತದೆ. ಮೊದಲು ಕನ್ನಡ ಕಲಿ, ಆಮೇಲೆ ಕನ್ನಡಕ್ಕೆ ಕೆಲಸ ಮಾಡು ಎನ್ನುವ ಧಾಟಿ. ವಿಚಿತ್ರವೆಂದರೆ ಈ ಹೊಡೆತ ತಿನ್ನುವವರು ಕನ್ನಡವಲ್ಲದೆ ಬೇರೆ ಭಾಷೆಯಲ್ಲಿ ಬದುಕದವರು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಅಕ್ಷರ ತಪ್ಪುವ ನಗರದ ಹುಡುಗನಿಗೆ ಇಷ್ಟಾದರೂ ಕನ್ನಡ ಬರುತ್ತದಲ್ಲ ಎಂಬ ಮೆಚ್ಚುಗೆ ಸಿಕ್ಕೀತು. ಪಾಂಡವಪುರದ ಹುಡುಗ ಅದೇ ತಪ್ಪು ಮಾಡಿದರೆ ಅವನ ಊರನ್ನೇ ಆಡಿಕೊಳ್ಳುತ್ತಾರೆ. ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದಲ್ಲಂತೂ ಈ ಚಾಳಿಗೆ ಎಡೆಯೇ ಇರಬಾರದು. ಅಲ್ಲಿ ಅತ್ಯಂತ ಸುಲಭವಾಗಿ ಸರಿಯಾಗುವ ತಪ್ಪು ಎಂದರೆ ಕಾಗುಣಿತದ್ದು. ಮಾತಾಡದೆ ತಿದ್ದಿ ಮುಂದೆ ಹೋಗಬಹುದು. ಇನ್ನೂ ಒಂದು ಲಾಭವಿದೆ: ಒಬ್ಬ ಹೊಸಬನ ಕಾಗುಣಿತದ ತಪ್ಪು ಇನ್ನೊಬ್ಬ ಹೊಸಬನಿಗೆ ಮೊದಲ ಕೆಲಸವಾಗುತ್ತದೆ. ಬಸದಿಯ ಬಗ್ಗೆ ಯಾರಿಗೂ ಗೊತ್ತಿಲ್ಲದ ಸಂಗತಿಯನ್ನು ತಪ್ಪು ಅಕ್ಷರದಲ್ಲಿ ಬರೆದವಳು ಕೊಟ್ಟದ್ದು ಹೆಚ್ಚೋ, ಎಲ್ಲರಿಗೂ ಗೊತ್ತಿರುವುದನ್ನು ಸರಿ ಅಕ್ಷರದಲ್ಲಿ ಬರೆದವನು ಕೊಟ್ಟದ್ದು ಹೆಚ್ಚೋ ಎಂದು ಹಳಬರು ಒಮ್ಮೆ ತಮ್ಮನ್ನೇ ಕೇಳಿಕೊಳ್ಳಬಹುದು.

ಯಾಕೆಂದರೆ ಮಂಡ್ಯ ಸೀಮೆಯ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲೇ ಬರೆಯಬೇಕಾದದ್ದು ರಾಶಿ ಬಿದ್ದಿದೆ, ಅದನ್ನು ಬಲ್ಲವರು ಇರುವುದೂ ಅಲ್ಲೇ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು, ಸೋಮನಾಥಪುರದವು. ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಆ ಪಟ್ಟಿಯಲ್ಲಿಲ್ಲ; ದೂರದ ಬರಹಗಾರರು ಅವನ್ನು ತಾವಾಗಿ ಹುಡುಕಿಕೊಂಡು ಬರುವುದು ಕಡಿಮೆ. ಶ್ರೀರಂಗಪಟ್ಟಣ ಎಂದರೆ ಕೋಟೆ, ದರಿಯಾ ದೌಲತ್, ಗುಂಬಜ್ ಎಂದು ಎಲ್ಲರೂ ಬರೆಯುತ್ತಾರೆ. ಗಂಜಾಂನ ಹಳೆಯ ಬೀದಿಗಳ ಬಗ್ಗೆ ಬರೆಯಬೇಕಾದವರು ಗಂಜಾಂನವರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು ಎಂಬುದು ಎಲ್ಲೆಡೆ ಸಿಗುತ್ತದೆ. ಸುತ್ತಲ ಗದ್ದೆಗಳಿಗೂ ಆ ಹಕ್ಕಿಗಳಿಗೂ ಏನು ನಂಟು ಎಂಬುದು ಸಿಗುವುದಿಲ್ಲ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಕೆ.ಆರ್. ಪೇಟೆಯ ಹಳೆಯ ಹೆಸರು ಅತ್ತಿಗುಪ್ಪೆ ಎಂಬುದು ಅಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಇದೆ. ಉಲ್ಲೇಖ ಎಲ್ಲಿಂದ ತರುವುದು ಎಂಬ ಪ್ರಶ್ನೆಗೂ ಉತ್ತರವಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದಿದೆ. ಅದರ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ, ಏಳನೆಯದರಲ್ಲಿ ನಾಗಮಂಗಲದವು. ಉಲ್ಲೇಖ ಅಂತರ್ಜಾಲದಲ್ಲೇ ಇರಬೇಕೆಂಬ ನಿಯಮ ವಿಕಿಪೀಡಿಯದಲ್ಲಿ ಇಲ್ಲ. ಪುಸ್ತಕದ ಹೆಸರು, ಸಂಪುಟ, ಪುಟ ಕೊಟ್ಟರೆ ಸಾಕು. ಉಲ್ಲೇಖವಿಲ್ಲ ಎಂಬ ಪಟ್ಟಿ ಅಂಟಿಸುವ ಬದಲು, ನಿಮ್ಮ ಊರಿನ ಶಾಸನ ಇಂಥ ಸಂಪುಟದಲ್ಲಿದೆ, ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇದ್ದರೆ ಪುಟಸಂಖ್ಯೆ ನೋಡಿ ಹೇಳಿ, ಸೇರಿಸುವುದನ್ನು ನಾನು ತೋರಿಸುತ್ತೇನೆ ಎಂದು ಬರೆಯುವುದಕ್ಕೆ ಹಿಡಿಯುವುದು ಮೂರು ನಿಮಿಷ.

ಇಲ್ಲಿ ಹಳಬರ ಆಕ್ಷೇಪ ಕೇಳಬೇಕು, ಅದು ಹುರುಳಿಲ್ಲದ್ದಲ್ಲ. ಬಾಗಿಲು ಸಡಿಲ ಬಿಟ್ಟರೆ ಕಸ ತುಂಬುತ್ತದೆ ಎನ್ನುತ್ತಾರೆ ಅವರು. ಊರ ದೇವರ ಪವಾಡ, ರಾಜಕಾರಣಿಯ ಹೊಗಳಿಕೆ, ಬೇರೆಡೆಯಿಂದ ಎತ್ತಿ ತಂದ ಬರಹ, ಇವೆಲ್ಲ ದಿನನಿತ್ಯದ ಕಾಟ. ಹದಿನೈದು ವರ್ಷಗಳ ಹಿಂದೆ ಗೂಗಲ್ ಸಂಸ್ಥೆ ತನ್ನ ಅನುವಾದ ಸಾಧನದ ಮೂಲಕ ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಭಾರತೀಯ ಭಾಷೆಗಳಿಗೆ ಹಾಕಿಸಿದಾಗ ಕನ್ನಡಕ್ಕೂ ಅಂಥವು ಬಂದು ಬಿದ್ದವು. ಓದಿದರೆ ಅರ್ಥವಾಗದ ವಾಕ್ಯಗಳು, ನಮಗೆ ಬೇಕಿಲ್ಲದ ವಿಷಯಗಳು. ತಮಿಳು, ಬಂಗಾಳಿ ಸಮುದಾಯಗಳಿಗೂ ಇದೇ ತಲೆನೋವು ಬಂತು. ಆ ನೆನಪಿರುವವರು ಕಾವಲು ಬಿಗಿ ಮಾಡುವುದು ಸಹಜ. ಆದರೆ ಅಂದು ಕೆಟ್ಟದ್ದು ಹೊಸಬರನ್ನು ಆದರಿಸಿದ್ದರಿಂದ ಅಲ್ಲ. ಅಲ್ಲಿ ಮಾತಾಡಿಸಲು ಮನುಷ್ಯರೇ ಇರಲಿಲ್ಲ. ಕೂಲಿ ಕೊಟ್ಟು ಮಾಡಿಸಿದ ಕೆಲಸ, ಒಪ್ಪಿಸಿದವರು ತಿರುಗಿ ನೋಡಬೇಕಾಗಿರಲಿಲ್ಲ. ಸಂವಾದಕ್ಕೆ ಸಿಗುವವರನ್ನೂ ಸಿಗದವರನ್ನೂ ಒಂದೇ ಜರಡಿಯಲ್ಲಿ ಹಾಕುವುದೇ ತಪ್ಪು. ಇಲ್ಲಿ ಕೇಳುತ್ತಿರುವುದು ನಿಯಮ ಸಡಿಲಿಸಿ ಎಂದಲ್ಲ. ಉಲ್ಲೇಖ ಬೇಕೇ ಬೇಕು, ಹೊಗಳಿಕೆ ಹೋಗಲೇಬೇಕು. ತೆಗೆಯುವ ಮುನ್ನ ಬರೆದವರ ಚರ್ಚೆ ಪುಟದಲ್ಲಿ ಎರಡು ಸಾಲು, ತೆಗೆದದ್ದನ್ನು ಅವರ ಪ್ರಯೋಗಪುಟಕ್ಕೆ ಸಾಗಿಸುವ ಸೌಜನ್ಯ, ಇಷ್ಟೇ ಬೇಕಾದದ್ದು. ಕಿಡಿಗೇಡಿಗೆ ಆ ಎರಡು ಸಾಲು ವ್ಯರ್ಥವೇ. ಆದರೆ ಅವನ ಪಾಲಿಗೆ ವ್ಯರ್ಥವಾದ ಎರಡು ಸಾಲಿನ ನಷ್ಟ, ಹಿಂತಿರುಗದ ವಿದ್ಯಾರ್ಥಿನಿಯಿಂದ ಆದ ನಷ್ಟದ ಮುಂದೆ ಎಷ್ಟರದು?

ಸಮಯ ಯಾರಿಗಿದೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಕನ್ನಡದಲ್ಲಿ ನಿರಂತರವಾಗಿ ದುಡಿಯುವವರು ಕೆಲವೇ ಮಂದಿ, ಸಂಬಳವಿಲ್ಲದವರು, ಮನೆ ಕಚೇರಿ ಮುಗಿಸಿ ರಾತ್ರಿ ಕೂರುವವರು. ಹೊಸಬರ ಕೈಹಿಡಿಯುತ್ತ ಕೂತರೆ ತಾವು ಬರೆಯುವುದು ಯಾವಾಗ? ಇದಕ್ಕೆ ಪೂರ್ತಿ ಸಮಾಧಾನದ ಉತ್ತರ ಇಲ್ಲ ಎಂದು ಒಪ್ಪಿಕೊಳ್ಳುವುದೇ ಒಳ್ಳೆಯದು. ಆದರೆ ಈಗಿನ ದಾರಿಯಲ್ಲಿ ಅವರ ಹೊರೆ ಇಳಿಯುವ ಲಕ್ಷಣವೂ ಇಲ್ಲ. ಹೊಸಬರು ನಿಲ್ಲದಿದ್ದರೆ ಹಳಬರು ಇನ್ನೂ ಹಳಬರಾಗುತ್ತಾರೆ, ಅಷ್ಟೇ. ವಿಕಿಮೀಡಿಯ ಪ್ರತಿಷ್ಠಾನ ಈಚಿನ ವರ್ಷಗಳಲ್ಲಿ ಮಾಡಿರುವ ಒಂದು ಏರ್ಪಾಡು ಇಲ್ಲಿ ನೆರವಾದೀತು. ಹೊಸ ಖಾತೆಯವರಿಗೆ ಬೇರೆಯೇ ಮುಖಪುಟ, ಅದರಲ್ಲಿ ಕೊಂಡಿ ಸೇರಿಸುವುದು, ಭಾಷೆ ತಿದ್ದುವುದು ಮುಂತಾದ ಚಿಕ್ಕ ಕೆಲಸಗಳ ಪಟ್ಟಿ, ಕೇಳಲು ಒಬ್ಬ ಮಾರ್ಗದರ್ಶಿಯ ಹೆಸರು. ಮಾರ್ಗದರ್ಶಿಗಳಾಗಿ ಹಳಬರೇ ನಿಲ್ಲಬೇಕೆಂದಿಲ್ಲ. ಆರು ತಿಂಗಳ ಹಿಂದೆ ಬಂದವರು ನಿನ್ನೆ ಬಂದವರಿಗೆ ಹಳಬರಿಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ, ಏಕೆಂದರೆ ಎಡವಿದ ಕಲ್ಲು ಅವರಿಗಿನ್ನೂ ನೆನಪಿರುತ್ತದೆ.

ಇದುವರೆಗೆ ನಮ್ಮ ಸಮುದಾಯಗಳು ಹೆಚ್ಚು ನೆಚ್ಚಿಕೊಂಡದ್ದು ಉತ್ಸವಗಳನ್ನು. ಒಂದು ಕಾಲೇಜು, ಒಂದು ದಿನ, ಐವತ್ತು ವಿದ್ಯಾರ್ಥಿಗಳು, ಸಂಜೆಗೆ ಪ್ರಮಾಣಪತ್ರ, ಸಾಮೂಹಿಕ ಫೋಟೊ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಇತಿಹಾಸದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸಂಗತಿ ಇದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು ಎಂಬ ಎಚ್ಚರದೊಂದಿಗೇ ಅದನ್ನು ಹೇಳಬೇಕು. ರಾಮಾನುಜರು ಅಸ್ಪೃಶ್ಯರೆನಿಸಿಕೊಂಡವರನ್ನು ತಿರುಕುಲದವರೆಂದು ಕರೆದು ವರ್ಷದಲ್ಲಿ ಕೆಲವು ದಿನ ದೇವಾಲಯದೊಳಕ್ಕೆ ಬರುವ ಹಕ್ಕು ಕೊಟ್ಟರು ಎಂಬುದು ಅಲ್ಲಿನ ಪರಂಪರೆ. ಆ ಕಾಲಕ್ಕೆ ಅದು ಸಾಮಾನ್ಯ ಧೈರ್ಯವಲ್ಲ. ಆದರೆ ಶತಮಾನಗಳು ಉರುಳಿದರೂ ಆ ಕೆಲವು ದಿನಗಳು ಕೆಲವೇ ದಿನಗಳಾಗಿ ಉಳಿದವು. ವರ್ಷದ ಉಳಿದ ದಿನಗಳಿಗೆ ಬಾಗಿಲು ತೆರೆಯಲು ಸಂವಿಧಾನ, ಕಾನೂನು ಬರಬೇಕಾಯಿತು. ಹಬ್ಬದ ದಿನ ಕರೆಯುವ ಜಾಗ ಉಳಿದ ದಿನಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರಿಂದಲೇ ಕರೆಯಿಸಿಕೊಂಡವರು ತಮ್ಮ ಸ್ಥಾನವನ್ನು ಅಳೆದುಕೊಳ್ಳುತ್ತಾರೆ. ಕಾರ್ಯಾಗಾರದ ಮಾರನೆಯ ಬೆಳಿಗ್ಗೆ ಕೇಳಿದ ಪ್ರಶ್ನೆಗೆ ವಾರವಾದರೂ ಉತ್ತರ ಬರದಿದ್ದರೆ, ಪ್ರಮಾಣಪತ್ರದ ಬೆಲೆ ಎಷ್ಟೆಂದು ವಿದ್ಯಾರ್ಥಿಗೆ ತಿಳಿಯುತ್ತದೆ.

ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಇಷ್ಟೆಲ್ಲ ಯಾಕೆ, ಇಂಗ್ಲಿಷಿನ ಲೇಖನಗಳನ್ನೆಲ್ಲ ಯಂತ್ರವೇ ಕನ್ನಡಕ್ಕೆ ತಂದುಬಿಡುತ್ತದಲ್ಲ ಎಂಬ ಮಾತೂ ಕೇಳಿಬರುತ್ತಿದೆ. ತರಬಹುದು. ಆದರೆ ನಾಗಮಂಗಲದಲ್ಲಿ ಹಿತ್ತಾಳೆ ಕೆಲಸದವರ ಮನೆಗಳು ಈಗ ಎಷ್ಟು ಉಳಿದಿವೆ, ಹೇಮಗಿರಿಯ ದನಗಳ ಜಾತ್ರೆ ಹೇಗೆ ಬದಲಾಗಿದೆ ಎಂಬುದನ್ನು ಎಲ್ಲೂ ಬರೆದಿಲ್ಲದಿದ್ದರೆ ಯಂತ್ರ ಎಲ್ಲಿಂದ ತಂದೀತು? ಅಂಥದ್ದನ್ನು ಬರೆಯಬಲ್ಲವರು ಈ ನಾಲ್ಕೂ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಇದ್ದಾರೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ, ಮೂಡುಬಿದಿರೆಯ ಆಳ್ವಾಸ್‌ನಲ್ಲಿ ವಿದ್ಯಾರ್ಥಿಗಳಿಂದ ವಿಕಿಪೀಡಿಯಕ್ಕೆ ಬರೆಯಿಸಿದ್ದುಂಟು. ಆಂತರಿಕ ಅಂಕಕ್ಕಾಗಿ ಬರೆದವರು ಸೆಮಿಸ್ಟರ್ ಮುಗಿದ ಕೂಡಲೇ ಮಾಯವಾಗುತ್ತಾರೆ ಎಂಬುದು ಇಂಥ ಯೋಜನೆಗಳ ಬಗ್ಗೆ ಹಳಬರ ದೂರು. ಅಂಕ ಕೊಡುವುದೇ ಆದರೆ ಹೊಸ ಲೇಖನದ ಉದ್ದಕ್ಕೆ ಕೊಡುವುದನ್ನು ಬಿಟ್ಟು ಬೇರೆ ರೀತಿ ಹಂಚಿ ನೋಡಬಹುದು: ಇರುವ ಲೇಖನವೊಂದಕ್ಕೆ ಸೇರಿಸಿದ ಒಂದು ಸರಿಯಾದ ಉಲ್ಲೇಖಕ್ಕೆ ಇಷ್ಟು, ತಾನೇ ತೆಗೆದು ಹಾಕಿದ ಒಂದು ಫೋಟೊಗೆ ಇಷ್ಟು, ತನ್ನ ಕೆಲಸವನ್ನು ಯಾರಾದರೂ ಪ್ರಶ್ನಿಸಿದಾಗ ಚರ್ಚೆ ಪುಟದಲ್ಲಿ ಕೊಟ್ಟ ಉತ್ತರಕ್ಕೆ ಇಷ್ಟು, ಮುಂದಿನ ವರ್ಷದ ಹೊಸಬರೊಬ್ಬರಿಗೆ ಹೇಳಿಕೊಟ್ಟದ್ದಕ್ಕೆ ಎಲ್ಲಕ್ಕಿಂತ ಹೆಚ್ಚು.